ಪದ ಪರಿಚಯ: ಕಾಗದದ ಅನಾಥ

ಅಪ್ಪ ಅಮ್ಮ ಊರಲ್ಲಿ ಬದುಕಿದ್ದಾರೆ, ದಾಖಲೆಯಲ್ಲಿ ಮಾತ್ರ ಸತ್ತಿದ್ದಾರೆ. ಇಂಥ ಮಗುವಿಗೆ ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರು ಇಟ್ಟ ಹೆಸರು ‘ಪೇಪರ್ ಆರ್ಫನ್’. ಕನ್ನಡದಲ್ಲಿ ಕಾಗದದ ಅನಾಥ ಎನ್ನೋಣ. ಪರದೇಶಕ್ಕೆ ಹೋಗಿ ಒಂದೆರಡು ವರ್ಷ ಅನಾಥ ಮಕ್ಕಳ ಜೊತೆಗಿದ್ದು ಸೇವೆ ಮಾಡಬೇಕು ಎಂದುಕೊಂಡವರು ಟಿಕೆಟ್ ಮಾಡಿಸುವ ಮೊದಲು ಈ ಪದವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಭಾಷೆ, ಲಸಿಕೆ, ಸಾಮಾನು ಎಲ್ಲ ಆಮೇಲೆ.

ಪದದ ಅರ್ಥ ಕಣ್ಣಿಗೆ ಕಟ್ಟುವಂತೆ ಕಾಣುವುದು ನೇಪಾಳದಲ್ಲಿ. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳಿಗೂ ಸರ್ಕಾರಕ್ಕೂ ಯುದ್ಧ ನಡೆಯಿತು. ವಾಯವ್ಯ ಮೂಲೆಯ ಹುಮ್ಲಾ ಜಿಲ್ಲೆಗೆ ಆಗ ರಸ್ತೆಯೇ ಇರಲಿಲ್ಲ. ಜಿಲ್ಲಾ ಕೇಂದ್ರ ಸಿಮಿಕೋಟ್‌ಗೆ ಪುಟ್ಟ ವಿಮಾನದಲ್ಲಿ ಬಂದಿಳಿಯಬೇಕು, ಇಲ್ಲವೇ ದಿನಗಟ್ಟಲೆ ಬೆಟ್ಟ ಹತ್ತಿಳಿಯಬೇಕು. ಮಕ್ಕಳನ್ನು ಬಂಡುಕೋರರು ಎಳೆದುಕೊಂಡು ಹೋದಾರು ಎಂಬ ಭಯ ಒಂದು ಕಡೆ, ಊರಲ್ಲಿ ನೆಟ್ಟಗೆ ಶಾಲೆ ಇಲ್ಲ ಎಂಬ ಸಂಕಟ ಇನ್ನೊಂದು ಕಡೆ. ಅಂಥ ಹೊತ್ತಲ್ಲಿ ದಲ್ಲಾಳಿ ಬಂದು ಕಠ್ಮಂಡುವಿನ ಬೋರ್ಡಿಂಗ್ ಶಾಲೆ, ಇಂಗ್ಲಿಷು, ಎರಡು ಹೊತ್ತು ಊಟದ ಆಸೆ ತೋರಿಸುತ್ತಾನೆ. ಹೆತ್ತವರು ಸಾಲ ಸೋಲ ಮಾಡಿ ಅವನ ಕೈಗೆ ಹಣ ಕೊಟ್ಟು ಮಗುವನ್ನು ಕಳಿಸುತ್ತಾರೆ. ಮಗು ಹೋಗಿ ಸೇರುವುದು ಬಾಲಗೃಹಕ್ಕೆ. ಅಲ್ಲಿ ಅದರ ಹೆಸರು ಬದಲಾಗುತ್ತದೆ, ಹೆತ್ತವರ ಮರಣ ಪ್ರಮಾಣಪತ್ರವೊಂದು ತಯಾರಾಗುತ್ತದೆ, ಯಾರಾದರೂ ಕೇಳಿದರೆ ಅಪ್ಪ ಅಮ್ಮ ತೀರಿಕೊಂಡರು ಎನ್ನಬೇಕೆಂದು ಬಾಯಿಪಾಠ ಮಾಡಿಸುತ್ತಾರೆ. ದಿಕ್ಕಿಲ್ಲದವರನ್ನು ನಾವು ಕನ್ನಡದಲ್ಲಿ ‘ಪರದೇಶಿ’ ಎನ್ನುತ್ತೇವಲ್ಲ, ಹೆತ್ತವರು ಬದುಕಿರುವಾಗಲೇ ತನ್ನ ದೇಶದೊಳಗೇ ಆ ಮಗು ಪರದೇಶಿಯಾಗುತ್ತದೆ.

ಇಷ್ಟೆಲ್ಲ ಏಕೆ ಮಾಡುತ್ತಾರೆ? ಉತ್ತರ ನಕ್ಷೆಯಲ್ಲೇ ಇದೆ. ನೇಪಾಳದ ಬಾಲಗೃಹಗಳಲ್ಲಿ ಹೆಚ್ಚಿನವು ಇರುವುದು ಬಡತನ ಹೆಚ್ಚಿರುವ ಜಿಲ್ಲೆಗಳಲ್ಲಲ್ಲ. ಕಠ್ಮಂಡು ಕಣಿವೆ, ಪೋಖರಾ, ಘೇಂಡಾಮೃಗ ನೋಡಲು ಜನ ಹೋಗುವ ಚಿತ್ವನ್, ಹೀಗೆ ಪ್ರವಾಸಿಗರು ಓಡಾಡುವ ಕಡೆಗಳಲ್ಲೇ ಅವು ಗುಂಪುಗೂಡಿವೆ. ಬಂದವರು ದೇಣಿಗೆ ಕೊಡುತ್ತಾರೆ, ಸ್ವಯಂಸೇವಕರು ಶುಲ್ಕ ಕಟ್ಟಿ ಉಳಿಯುತ್ತಾರೆ. ಹಣ ಬರುವುದು ಮಕ್ಕಳಿದ್ದರೆ, ಅದೂ ಅನಾಥ ಮಕ್ಕಳಿದ್ದರೆ. ಕಾಂಬೋಡಿಯಾದಲ್ಲೂ ಇದೇ ಕಥೆ. 2005ರಿಂದ 2010ರೊಳಗೆ ಅಲ್ಲಿನ ಅನಾಥಾಶ್ರಮಗಳ ಸಂಖ್ಯೆ ಶೇ. 75ರಷ್ಟು ಏರಿತು ಎಂದು ಯುನಿಸೆಫ್ ಹೇಳಿತು. ಅಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಮ್ಮನೋ ಒಬ್ಬರಾದರೂ ಇದ್ದರು.

‘ಅನಾಥ’ ಎಂಬ ಪದವೇ ಅಂಕಿಅಂಶದಲ್ಲಿ ಬೇರೆ ಅರ್ಥ ಪಡೆಯುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳು ಎಂದು ಯುನಿಸೆಫ್ 2015ರಲ್ಲಿ ಲೆಕ್ಕ ಕೊಟ್ಟಿತ್ತು. ಇಬ್ಬರನ್ನೂ ಕಳೆದುಕೊಂಡವರು ಅದರಲ್ಲಿ 1.51 ಕೋಟಿ. ಉಳಿದವರಿಗೆ ಒಬ್ಬರಿದ್ದಾರೆ. ಅಪ್ಪ ಹೋಗಿ ಅಮ್ಮ ಕೂಲಿನಾಲಿ ಮಾಡಿ ಸಾಕುತ್ತಿರುವ ಮಗುವನ್ನು ನಮ್ಮೂರಲ್ಲಿ ಯಾರೂ ಅನಾಥ ಎನ್ನುವುದಿಲ್ಲ. ಇಬ್ಬರೂ ಇಲ್ಲದ ಮಕ್ಕಳು ಕೂಡ ಬಹುಪಾಲು ಅಜ್ಜಿಯ ಹತ್ತಿರವೋ ಚಿಕ್ಕಮ್ಮನ ಹತ್ತಿರವೋ ಸೋದರಮಾವನ ಮನೆಯಲ್ಲೋ ಬೆಳೆಯುತ್ತಾರೆ.

ಇನ್ನು ಹೋಗುವವರ ವಿಷಯ. ಬಾಲಗೃಹದ ಗೇಟು ತೆರೆಯುತ್ತಲೇ ನಾಲ್ಕೈದು ವರ್ಷದ ಮಗುವೊಂದು ಓಡಿಬಂದು ನಿಮ್ಮ ಕಾಲು ತಬ್ಬಿಕೊಳ್ಳುತ್ತದೆ, ಎತ್ತಿಕೋ ಎಂದು ಕೈ ಚಾಚುತ್ತದೆ, ಸೊಂಟದ ಮೇಲೆ ಕೂತು ಇಳಿಯುವುದೇ ಇಲ್ಲ. ‘ಎಷ್ಟು ಬೇಗ ಹಚ್ಚಿಕೊಂಡಿತು!’ ಎಂದು ನಮ್ಮ ಕಣ್ಣು ತುಂಬುತ್ತದೆ. ಆದರೆ ಮನೆಯಲ್ಲಿ ಬೆಳೆದ ಅದೇ ವಯಸ್ಸಿನ ಮಗುವನ್ನು ನೆನಪಿಸಿಕೊಳ್ಳಿ. ಹೊಸಬರು ಬಂದರೆ ಅಮ್ಮನ ಸೆರಗಿನ ಹಿಂದೆ ಸರಿದು, ಒಂದೇ ಕಣ್ಣಲ್ಲಿ ಇಣುಕಿ, ಬಾಳೆಹಣ್ಣು ಕೊಟ್ಟರೂ ಅಮ್ಮನ ಮುಖ ನೋಡುತ್ತದೆ. ಮಗುವಿಗೆ ತನ್ನವರು ಎಂದು ಗಟ್ಟಿಯಾಗಿ ಇದ್ದಾರೆ ಎಂಬುದರ ಗುರುತು ಆ ಸಂಕೋಚ. ಹೊಸಬರನ್ನೆಲ್ಲ ಒಂದೇ ಸಮ ಅಪ್ಪಿಕೊಳ್ಳುವ ಮಗುವಿಗೆ ಹಾಗೆ ಯಾರೂ ನಿಂತಿಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನವೊಂದು ಸರ್ಕಾರಿ ಶಿಶುಗೃಹಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ವರ್ಷಗಳ ಕಾಲ ಗಮನಿಸುತ್ತ ಬಂದಿತು. ಈ ಬಗೆಯ ವರ್ತನೆ ಅಲ್ಲಿ ಮತ್ತೆ ಮತ್ತೆ ಕಂಡಿತು. ಎರಡು ವರ್ಷ ತುಂಬುವ ಮೊದಲೇ ಸಾಕು ಕುಟುಂಬ ಸೇರಿದ ಮಕ್ಕಳು, ಗೃಹದಲ್ಲೇ ಉಳಿದವರಿಗಿಂತ ಬಾಂಧವ್ಯದಲ್ಲಿ ಚೆನ್ನಾಗಿ ಚೇತರಿಸಿಕೊಂಡರು.

ಹಾಗಾದರೆ ವಾರದ ಮಟ್ಟಿಗೆ ಬಂದು ಹೋಗುವುದು ತಪ್ಪು, ವರ್ಷಗಟ್ಟಲೆ ಇದ್ದರೆ ಸರಿಯೇ? ಅರ್ಧ ಮಾತ್ರ ಸರಿ. ನಿಮಗೆ ಎರಡು ವರ್ಷ ದೀರ್ಘ. ಐದು ವರ್ಷದ ಮಗುವಿಗೆ ಅದು ತನ್ನನ್ನು ಬಿಟ್ಟುಹೋದ ಇನ್ನೊಬ್ಬ ಅಕ್ಕ, ಇನ್ನೊಬ್ಬ ಅಣ್ಣ. ಅದಕ್ಕೇ ನಾನು ಹೇಳುವುದು, ಮಗುವಿಗೆ ಮಡಿಲಾಗಬೇಡಿ, ಮಗುವನ್ನು ದಿನವೂ ನೋಡಿಕೊಳ್ಳುವ ಸ್ಥಳೀಯ ಆಯಾಗೆ ಹೆಗಲಾಗಿ. ಲೆಕ್ಕಪತ್ರ, ಶಿಕ್ಷಕರ ತರಬೇತಿ, ಕುಟುಂಬ ಹುಡುಕುವ ಸಾಮಾಜಿಕ ಕಾರ್ಯಕರ್ತರಿಗೆ ನೆರವು, ದೊಡ್ಡ ಮಕ್ಕಳಿಗೆ ಕೆಲಸ ಕಲಿಸುವುದು, ಇವೆಲ್ಲ ನೀವು ಹೊರಟ ಮೇಲೂ ಉಳಿಯುವ ಕೆಲಸಗಳು.

ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಡ. ವೀಸಾಕ್ಕಾಗಿ ಏಕೆ ಹೊರಟಿರಿ ಎಂದು ಕೇಳುವವರಿಲ್ಲವೆಂದ ಮೇಲೆ ಕೇಳಿಕೊಳ್ಳುವ ಹೊಣೆ ನಮ್ಮದೇ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅದನ್ನೇ ಕೇಳದೆ, ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸದೆ, ಶುಲ್ಕ ಕಟ್ಟಿದ ಕೂಡಲೇ ಮಕ್ಕಳ ಕೋಣೆಗೆ ಬಿಟ್ಟುಕೊಳ್ಳುವ ಸಂಸ್ಥೆಗೆ ಹೋಗಲೇಬೇಡಿ. ಅಲ್ಲಿ ನಿಮ್ಮನ್ನು ಬಿಟ್ಟುಕೊಂಡಷ್ಟೇ ಸಲೀಸಾಗಿ ಬೇರೆಯವರನ್ನೂ ಬಿಟ್ಟುಕೊಳ್ಳುತ್ತಾರೆ. ಮಕ್ಕಳ ಫೋಟೊ ಎಲ್ಲೂ ಹಾಕಬೇಡಿ. ನೇಪಾಳಿ ಕಲಿತುಕೊಂಡೇ ಹೋಗಿ. ಹಿಂದಿ ಬಲ್ಲವರಿಗೆ ಲಿಪಿ ಹೊಸದಲ್ಲ.

ಈ ವಿಷಯದಲ್ಲಿ ಜಗತ್ತು ಕಣ್ಣು ತೆರೆದದ್ದು ತಡವಾಗಿ. ದಾಖಲೆಗಳನ್ನು ನಂಬಲಾಗದು ಎಂದು ಅಮೆರಿಕ 2010ರಲ್ಲಿ ನೇಪಾಳದ ‘ಪರಿತ್ಯಕ್ತ’ ಮಕ್ಕಳ ಹೊಸ ದತ್ತುಗಳನ್ನು ತಡೆಹಿಡಿಯಿತು. ಅನಾಥಾಶ್ರಮ ತುಂಬಿಸಲು ಮಕ್ಕಳನ್ನು ಸಾಗಿಸುವುದನ್ನು ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಸಾಲಿಗೆ ಸೇರಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ತನ್ನ ನಿರ್ಣಯದಲ್ಲಿ ಅನಾಥಾಶ್ರಮಗಳ ಸ್ವಯಂಸೇವೆಯ ಅಪಾಯವನ್ನು ಹೆಸರಿಸಿಯೇ ಹೇಳಿತು.

ಕಾಗದ ಸುಳ್ಳೆಂದು ಸಾಬೀತು ಮಾಡುವ ಕೆಲಸ ಮಾತ್ರ ಕಾಲ್ನಡಿಗೆಯದು. ನೆಕ್ಸ್ಟ್ ಜನರೇಶನ್ ನೇಪಾಲ್ ಸಂಸ್ಥೆಯವರು ಮಕ್ಕಳ ಫೋಟೊಗಳನ್ನು ಹಿಡಿದು ಹುಮ್ಲಾದ ಹಳ್ಳಿಹಳ್ಳಿ ಅಲೆದು ಹೆತ್ತವರನ್ನು ಪತ್ತೆ ಹಚ್ಚಿದರು. ನೀವು ಹೋಗಬೇಕೆಂದಿರುವ ಸಂಸ್ಥೆಗೂ ಇದನ್ನೇ ಬರೆದು ಕೇಳಿ: ಕಳೆದ ವರ್ಷ ನಿಮ್ಮಲ್ಲಿಂದ ಎಷ್ಟು ಮಕ್ಕಳು ಮನೆಗೆ ಮರಳಿದರು, ಅವರ ಮನೆಯವರನ್ನು ಹುಡುಕಲು ಯಾರು ಹೋಗಿದ್ದರು?