ಹುಳಿಯ ಮೇಲೆ ಸುಳ್ಳು ದೂರು

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿದು, ಮೇಲೆ ಟೀ ಕುಡಿಯುತ್ತಾ ನಿಂತಾಗ ನಮ್ಮ ಗುಂಪಿನಲ್ಲಿ ಒಬ್ಬರಾದರೂ ಈ ಮಾತು ಹೇಳುತ್ತಾರೆ: "ಕಾಲು ಹಿಡ್ಕೊಂಡ್ಬಿಟ್ಟಿದೆ ಗುರೂ, ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ." ಉಳಿದವರು ತಲೆಯಾಡಿಸುತ್ತಾರೆ. ನಾನೂ ವರ್ಷಗಟ್ಟಲೆ ತಲೆಯಾಡಿಸಿದವನೇ. ಈಗ ಸುಮ್ಮನಿರೋಕೆ ಆಗಲ್ಲ.

ಲ್ಯಾಕ್ಟಿಕ್ ಆಸಿಡ್ ಅಂದರೆ ಮೊಸರಿನ ಹುಳಿ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಹುಳಿತ ಹಾಲಿನಿಂದಲೇ ಅದನ್ನು ಬೇರ್ಪಡಿಸಿದ್ದು. ಅದು ಕಾಲುನೋವಿನ ಆರೋಪಿಯಾಗಿದ್ದಕ್ಕೆ ಕಾರಣ ಕಪ್ಪೆ. 1907ರಲ್ಲಿ ಕೇಂಬ್ರಿಡ್ಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಕಾಲಿನ ಸ್ನಾಯು ಕತ್ತರಿಸಿ ತೆಗೆದು, ಕರೆಂಟ್ ಕೊಟ್ಟು ಕೊಟ್ಟು ದಣಿಸಿದರು. ನೋಡಿದರೆ ಒಳಗೆ ಹುಳಿ ಸೇರಿಕೊಂಡಿತ್ತು. ದಣಿದಲ್ಲಿ ಹುಳಿ ಇದೆ, ಹಾಗಾದರೆ ದಣಿವಿಗೆ ಹುಳಿಯೇ ಕಾರಣ ಅಂತ ಜನ ಲೆಕ್ಕ ಹಾಕಿಬಿಟ್ಟರು. ಆದರೆ ಕತ್ತರಿಸಿದ ಕಾಲಿನಲ್ಲಿ ರಕ್ತ ಓಡಲ್ಲವಲ್ಲ, ಹುಳಿ ಹೋಗೋದಾದರೂ ಎಲ್ಲಿಗೆ? ಆಮ್ಲಜನಕ ಸಿಕ್ಕರೆ ಅದು ಕಡಿಮೆಯಾಗುತ್ತದೆ ಅಂತಲೂ ಅವರೇ ತೋರಿಸಿದ್ದರು. ಆ ಅರ್ಧ ಮಾತ್ರ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಬದುಕಿರುವ ಕಾಲಿನಲ್ಲಿ ಅದು ಲ್ಯಾಕ್ಟೇಟ್ ಆಗಿ ರಕ್ತಕ್ಕೆ ಇಳಿಯುತ್ತದೆ. ಹೃದಯ ಅದನ್ನೇ ಉರುವಲು ಮಾಡಿಕೊಳ್ಳುತ್ತದೆ, ಲಿವರ್ ಅದನ್ನು ಮತ್ತೆ ಸಕ್ಕರೆ ಮಾಡುತ್ತದೆ. ಸೈಕಲ್ ನಿಲ್ಲಿಸಿದ ಒಂದು ಗಂಟೆಯೊಳಗೆ ಅದರ ಮಟ್ಟ ಹೆಚ್ಚುಕಡಿಮೆ ಮೊದಲಿನಂತಾಗಿರುತ್ತದೆ. ಏರು ಹತ್ತುವಾಗ ತೊಡೆ ಉರಿಯುತ್ತದಲ್ಲ, ಅದರಲ್ಲಿ ಇದರ ಪಾಲೆಷ್ಟು ಅನ್ನೋದು ಬೇರೆ ಜಗಳ. ಮಂಗಳವಾರದ ನೋವಿಗೆ ಭಾನುವಾರದ ಹುಳಿಯನ್ನು ಹೊಣೆ ಮಾಡೋದು ಮಾತ್ರ, ಊರಲ್ಲೇ ಇರದವನ ಮೇಲೆ ಕಳ್ಳತನದ ದೂರು ಕೊಟ್ಟ ಹಾಗೆ.

ಅಸಲಿಗೆ ನಾವು ಎರಡು ಬೇರೆ ಬೇರೆ ತೊಂದರೆಗೆ ಒಂದೇ ಹೆಸರಿಟ್ಟಿದ್ದೇವೆ. ಒಂದು ನೋವು. ಇನ್ನೊಂದು ಭಾರ.

ಮೊದಲು ನೋವು. ಒಂದು ಆಷಾಢ ಶುಕ್ರವಾರ ಅಮ್ಮನ ಜೊತೆ ಬೆಟ್ಟದ ಮೆಟ್ಟಿಲು ಹತ್ತಿ, ಮೆಟ್ಟಿಲಲ್ಲೇ ಇಳಿದೆ. ಇಳಿಯುವಾಗ ಏನೂ ಅನ್ನಿಸಲಿಲ್ಲ, ನಂದಿಯ ಹತ್ತಿರ ಹರಟೆ ಹೊಡೆಯುತ್ತಾ ನಿಂತಿದ್ದೆವು. ಭಾನುವಾರ ಬೆಳಿಗ್ಗೆ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂರೋಕೆ ಎರಡೂ ಕೈಯಲ್ಲಿ ಗೋಡೆ ಹಿಡಿಯಬೇಕಾಯಿತು. ಅದೇ ಬೆಟ್ಟವನ್ನು ವಾರ ವಾರ ಸೈಕಲ್ಲಿನಲ್ಲಿ ಹತ್ತುವ ಕಾಲು ಸ್ವಾಮಿ ಇದು!

ಪೆಡಲ್ ಒತ್ತುವಾಗ ತೊಡೆಯ ಮುಂಭಾಗದ ಸ್ನಾಯು ಮೊಟಕಾಗುತ್ತಾ ಕೆಲಸ ಮಾಡುತ್ತದೆ. ಮೆಟ್ಟಿಲು ಇಳಿಯುವಾಗ ಅದೇ ಸ್ನಾಯು ಬ್ರೇಕ್ ಆಗುತ್ತದೆ, ಅಂದರೆ ಬಿಗಿ ಹಿಡಿದುಕೊಂಡೇ ಉದ್ದವಾಗುತ್ತದೆ. ಬಾವಿಯಿಂದ ಕೊಡ ಎಳೆದರೆ ತೋಳು ಸೋಲುತ್ತದೆ, ಅಷ್ಟೇ. ತುಂಬಿದ ಕೊಡವನ್ನು ಕೆಳಗೆ ಬಿಡುವಾಗ ಹಗ್ಗ ಜಾರದ ಹಾಗೆ ಹಿಡಿದು ನೋಡಿ, ಅಂಗೈ ಸುಲಿಯುತ್ತದೆ. ಹಗ್ಗಜಗ್ಗಾಟದಲ್ಲೂ ಹಾಗೇ. ಗೆದ್ದವರ ಕೈಗಿಂತ, ಬಿಡದೆ ಹಿಡಿದು ಎಳೆಸಿಕೊಂಡವರ ಕೈ ನೋಡಬೇಕು. ಇನ್ನೂ ಹತ್ತಿರ ಹೋದರೆ, ಸ್ನಾಯುವಿನ ಎಳೆ ಅಂದರೆ ಸಾರ್ಕೊಮಿಯರ್ ಎಂಬ ಪುಟ್ಟ ತುಣುಕುಗಳ ಸರಪಳಿ. ಒಂದೊಂದೂ ಮಿಲಿಮೀಟರಿನ 400ನೇ ಒಂದು ಪಾಲಿನಷ್ಟು. ಕೈ ಕೈ ಹಿಡಿದು ಸಾಲಾಗಿ ನಿಂತ ಮಕ್ಕಳನ್ನು ಎರಡೂ ಕಡೆಯಿಂದ ಎಳೆದರೆ, ಎಲ್ಲರೂ ಒಂದೇ ಸಮ ಹಿಗ್ಗಲ್ಲ, ಹಿಡಿತ ಸಡಿಲವಾದ ಜೋಡಿಯೇ ಮೊದಲು ಬಿಡುತ್ತದೆ. ಇಲ್ಲೂ ದುರ್ಬಲ ತುಣುಕು ಅತಿಯಾಗಿ ಹಿಗ್ಗಿ ಹಾಳಾಗುತ್ತದೆ. ಆಮೇಲೆ ರಿಪೇರಿ ಶುರು, ಊತ, ಸುತ್ತಲಿನ ನರಗಳು ಸೂಕ್ಷ್ಮವಾಗೋದು. ಇದಕ್ಕೆಲ್ಲ ಒಂದೆರಡು ದಿನ ಬೇಕು, ಅದಕ್ಕೇ ನೋವು ತಡವಾಗಿ ಬರೋದು. 1902ರಲ್ಲೇ, ಅಂದರೆ ಆ ಕಪ್ಪೆಗಿಂತ ಐದು ವರ್ಷ ಮೊದಲೇ, ಅಮೆರಿಕದ ಥಿಯೋಡೋರ್ ಹಫ್ ಇದು ಸ್ನಾಯು ಹರಿದ ನೋವಿರಬೇಕು ಅಂದಿದ್ದ.

ನನಗೆ ಬಹಳ ಇಷ್ಟವಾದ ಪ್ರಯೋಗ 1952ರದ್ದು. ಬ್ರಿಟನ್ನಿನ ಅಬಾಟ್, ಬಿಗ್ಲ್ಯಾಂಡ್ ಮತ್ತು ರಿಚಿ ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಬಲ ಇಬ್ಬರದೂ ಸಮ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತೀರಾ ಕಡಿಮೆ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ತೋರಿಸಿದಾಗ ಸಣ್ಣ ಮೈಕಟ್ಟಿನ ಹೆಂಗಸೊಬ್ಬರು ಆರಾಮಾಗಿ ಕೂತು ದಪ್ಪ ಗಂಡಸೊಬ್ಬರನ್ನು ಏದುಸಿರು ಬಿಡಿಸಿದರಂತೆ. ತಡೆಯೋ ಕೆಲಸಕ್ಕೆ ಕಡಿಮೆ ಎಳೆಗಳು ಸಾಕು, ಹಾಗಾಗಿ ಒಂದೊಂದು ಎಳೆಯ ಮೇಲೂ ಹೊರೆ ಜಾಸ್ತಿ. ಇಳಿಯುವಾಗ ಹಾಯಾಗಿದ್ದು ಆಮೇಲೆ ಅನುಭವಿಸೋದು ಇದಕ್ಕೇ.

ಹಾಗಾದರೆ ಸೈಕಲ್ ತುಳಿಯುವವರಿಗೆ ಯಾಕೆ ಕಾಲು ಭಾರ? ಇಲ್ಲಿ ಎಳೆ ಹರಿಯೋದು ಕಡಿಮೆ, ಉಗ್ರಾಣ ಖಾಲಿಯಾಗೋದೇ ಜಾಸ್ತಿ. ಸ್ನಾಯುಗಳಲ್ಲೆಲ್ಲ ಸೇರಿ ಸುಮಾರು 400–500 ಗ್ರಾಂ ಗ್ಲೈಕೋಜೆನ್ ಎಂಬ ಸಕ್ಕರೆಯ ಗಂಟು ಇರುತ್ತದೆ. ಅದು ತಳ ಕಂಡರೆ, ಸ್ನಾಯುವಿಗೆ 'ಬಿಗಿ' ಅಂತ ಸೂಚನೆ ಕೊಡುವ ಕ್ಯಾಲ್ಸಿಯಂ ಕೂಡ ಸರಿಯಾಗಿ ಹೊರಬರಲ್ಲ. ನೀವು ಒತ್ತುತ್ತೀರಿ, ಕಾಲು ಕೇಳಲ್ಲ. ಇದಕ್ಕೂ ಇಬ್ಬರು ಮತ್ತು ಸೈಕಲ್ಲಿನದೇ ಕತೆ ಇದೆ ನೋಡಿ! 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಒಂದೇ ಸೈಕಲ್ಲಿನ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತು ಒಂದೊಂದೇ ಕಾಲಿನಲ್ಲಿ ತುಳಿದು ಸುಸ್ತಾದರು, ಆಮೇಲೆ ತಮ್ಮದೇ ತೊಡೆಗೆ ಸೂಜಿ ಚುಚ್ಚಿ ಚೂರು ತೆಗೆದು ನೋಡಿದರು. ತುಳಿದ ಕಾಲು ಖಾಲಿ, ಸುಮ್ಮನಿದ್ದ ಕಾಲು ಭರ್ತಿ. ಮೂರು ದಿನ ಪಿಷ್ಟವೇ ಜಾಸ್ತಿ ಇರುವ ಊಟ ಮಾಡಿದ ಮೇಲೆ, ತುಳಿದ ಕಾಲಿನಲ್ಲಿ ಇನ್ನೊಂದರ ಎರಡರಷ್ಟು ತುಂಬಿತ್ತು.

ಹಾಗಾಗಿ ಕಾಲು ಭಾರ ಅಂತ ಬರುವವರಿಗೆ ನನ್ನ ಮೊದಲ ಪ್ರಶ್ನೆ, ಏನು ತಿಂದ್ರಿ? ಎರಡೂವರೆ ಗಂಟೆ ತುಳಿದು ಬಂದು ತೂಕ ಇಳಿಸೋಕೆ ಅಂತ ಬರೀ ಸೌತೆಕಾಯಿ ತಿಂದರೆ ಉಗ್ರಾಣ ತುಂಬೋದು ಹೇಗೆ? ಬಾಳೆಹಣ್ಣು, ಚಿತ್ರಾನ್ನ, ಮುದ್ದೆ, ಯಾವುದಾದರೂ ಸರಿ. ಚೆನ್ನಾಗಿ ತಿಂದರೂ ಪೂರ್ತಿ ತುಂಬೋಕೆ ಒಂದು ದಿನ ಹಿಡಿಯುತ್ತದೆ. ದಿನಾ ಜೋರಾಗಿ ತುಳಿಯುವವರ ಕಾಲು ಗುರುವಾರದ ಹೊತ್ತಿಗೆ ಕಲ್ಲಾಗೋದು ಅದಕ್ಕೇ. ಇನ್ನು ಮೈ ಎಳೆದು ಸ್ಟ್ರೆಚ್ ಮಾಡೋದು. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ಅದರಿಂದ ಕಡಿಮೆಯಾದ ನೋವು 100ರ ಅಳತೆಯಲ್ಲಿ ಸುಮಾರು 1. ಹಿತ ಅನ್ನಿಸಿದರೆ ಮಾಡಿ, ಬೇಡ ಅನ್ನಲ್ಲ. ಎಣ್ಣೆ ಹಚ್ಚಿ ತಿಕ್ಕೋದೂ ಹಾಗೇ, ಹಾಯೆನಿಸುತ್ತದೆ, ಅದರಿಂದ ಯಾವ ಹುಳಿಯೂ ಇಳಿಯಲ್ಲ. ಗೇರ್ ಇಳಿಸಿ, ನಿಮಿಷಕ್ಕೆ 80–90 ಸುತ್ತು ಹಗುರವಾಗಿ ತಿರುಗಿಸಿ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ಹತ್ತೋದು ಶೌರ್ಯವೇನಲ್ಲ.

ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ, ಅಥವಾ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಈ ಲೇಖನ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಅವತ್ತೇ.

ಮುಂದಿನ ಶುಕ್ರವಾರ ಅಮ್ಮ ಮತ್ತೆ ಮೆಟ್ಟಿಲು ಅಂದರು. ಹೆದರಿಕೊಂಡೇ ಹೋದೆ. ಈ ಸಲ ಸ್ವಲ್ಪ ಬಿಗಿ ಬಿಟ್ಟರೆ ಏನೂ ಇಲ್ಲ. ಒಮ್ಮೆ ಪೆಟ್ಟು ತಿಂದ ಸ್ನಾಯು ವಾರಗಟ್ಟಲೆ ಅದೇ ಕೆಲಸಕ್ಕೆ ಜಗ್ಗಲ್ಲ, ಇದು ಪ್ರಯೋಗಗಳಲ್ಲಿ ಕಂಡದ್ದೇ ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ವಿವರಿಸಿದೆ. "ತಾಯಿ ದಯೆ ಕಣೋ," ಅಂದರು ಅಮ್ಮ, ತಟ್ಟೆಗೆ ಮೊಸರನ್ನ ಹಾಕುತ್ತಾ.