ವಾಲಿದ ಕಂಬ, ನೆಟ್ಟಗೆ ನಿಂತ ಗುಡ್ಡ

ಕಾರಿನ ಕಿಟಕಿಯಿಂದ ಮೊಬೈಲ್‌ನಲ್ಲಿ ತೆಗೆದ ಫೋಟೋಗಳಿಗೆ ಆಯುಷ್ಯ ಕಡಿಮೆ. ಬೇಲಿ ಕಲಸಿಹೋಗಿದೆ, ಕಂಬ ವಾಲಿದೆ, ಗಾಜಿನಲ್ಲಿ ನಮ್ಮದೇ ಮೂಗು ಕಾಣುತ್ತಿದೆ ಅಂತ ಸಂಜೆ ಹೊತ್ತಿಗೆ ಡಿಲೀಟ್ ಮಾಡಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದೆ. ಈಗ ಅಂಥವನ್ನೇ ಹುಡುಕಿ ಇಟ್ಟುಕೊಳ್ಳುತ್ತೇನೆ. (ಸ್ಟಿಯರಿಂಗ್ ಹಿಡಿದವರು ಫೋನ್ ಮುಟ್ಟಬೇಡಿ. ಇದು ಪಕ್ಕದ ಸೀಟಿನವರ ಆಟ.)

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್. ಶಟರ್ ಸೆಕೆಂಡಿನ ನೂರನೇ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಕಾರು 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 4000 ಪಿಕ್ಸೆಲ್ ಅಗಲದ ಮಾಮೂಲಿ ಮೊಬೈಲ್ ಫೋಟೋದಲ್ಲಿ, 5 ಮೀಟರ್ ದೂರದ ಕಂಬ ಆಗ ನೂರಕ್ಕೂ ಜಾಸ್ತಿ ಪಿಕ್ಸೆಲ್‌ಗಳಷ್ಟು ಸವರಿಹೋಗುತ್ತದೆ. 500 ಮೀಟರ್ ದೂರದ ಮರ ಸರಿಯುವುದು ಸುಮಾರು ಒಂದೇ ಪಿಕ್ಸೆಲ್. ದೂರ ನೂರು ಪಟ್ಟಾದರೆ ಮಸುಕು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಯಾವುದು ಎಷ್ಟು ದೂರದಲ್ಲಿತ್ತು ಅಂತ ಆ ಮಸುಕೇ ಹೇಳುತ್ತಿದೆ ಅಂದಹಾಗಾಯಿತು.

ಫೋನಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ, ಅದು ಯಾಕೆ ಇಲ್ಲಿ ಕೈಕೊಡುತ್ತದೆ? ಅದು ನಂಬಿರುವುದು ಗೈರೊಸ್ಕೋಪನ್ನು. ಗೈರೊಸ್ಕೋಪಿಗೆ ತಿಳಿಯುವುದು ಫೋನ್ ಎಷ್ಟು ತಿರುಗಿತು ಅನ್ನುವುದು ಮಾತ್ರ. ಪಕ್ಕದಲ್ಲೇ ಆಕ್ಸಿಲರೋಮೀಟರ್ ಕೂಡ ಇರುತ್ತದೆ, ಆದರೆ ಅದು ವೇಗದಲ್ಲಾಗುವ ಬದಲಾವಣೆಯನ್ನಷ್ಟೇ ಹಿಡಿಯುತ್ತದೆ. ಕಾರು ಒಂದೇ ವೇಗದಲ್ಲಿ ನೇರ ಹೋಗುತ್ತಿದ್ದರೆ, ಅದರ ಪಾಲಿಗೆ ಕಾರು ನಿಂತೇ ಇದೆ. ಇನ್ನು, ಓಟ ತಿಳಿದರೂ ಏನು ಮಾಡುವುದು? ಕಂಬಕ್ಕೆ ನೂರು ಪಿಕ್ಸೆಲ್, ಮರಕ್ಕೆ ಒಂದು. ಯಾವುದಕ್ಕೆ ಅಂತ ಲೆನ್ಸನ್ನು ಸರಿಸುವುದು?

ಎಡಿಟಿಂಗ್‌ನಲ್ಲೂ ಇದೇ ತೊಡಕು. ಶಾರ್ಪ್ ಮಾಡುವ ಗುಂಡಿಯನ್ನು ಎಳೆದರೆ ಕಂಬ ಸ್ಪಷ್ಟವಾಗುವುದಿಲ್ಲ, ಮಸುಕಿನ ಅಂಚಿಗೆ ಬಿಳಿ ಗೆರೆ ಕೂರುತ್ತದೆ ಅಷ್ಟೇ. ಸವರಿದ ಉದ್ದಕ್ಕಿಂತ ಸಣ್ಣ ವಿವರಗಳಲ್ಲಿ ಹಲವು ಶಟರ್ ತೆರೆದಿರುವಾಗಲೇ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಮೇಲೆ ಕಲಸಿ ಅಳಿಸಿಹೋಗಿರುತ್ತವೆ. ಈಗಿನ ಎಐ ಆ್ಯಪ್‌ಗಳು ಹಾಗೆ ಹೋದದ್ದನ್ನು ಊಹಿಸಿ ತುಂಬುತ್ತವೆ. ಒಮ್ಮೆ ಮಸುಕಾದ ಬೋರ್ಡೊಂದನ್ನು ಅಂಥ ಆ್ಯಪಿಗೆ ಕೊಟ್ಟಿದ್ದೆ. ಅಕ್ಷರಗಳು ಕೊರೆದಿಟ್ಟ ಹಾಗೆ ಸ್ಪಷ್ಟವಾಗಿ ಬಂದವು. ಅವು ಯಾವ ಭಾಷೆಯವು ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಹಾಗಾಗಿ ನಾನು ಉಲ್ಟಾ ಕಡೆಯಿಂದ ಶುರು ಮಾಡುತ್ತೇನೆ. ಹತ್ತಿರದ್ದು ಸವರಿಹೋಗಿದೆ, ದೂರದ್ದು ಸ್ಪಷ್ಟವಾಗಿದೆ. ಚಿತ್ರದ ಜೀವ ಇರುವುದು ಇವೆರಡರ ನಡುವೆ. ದೂರದ ಗುಡ್ಡದ ಕಾಂಟ್ರಾಸ್ಟ್ ಸ್ವಲ್ಪ ಏರಿಸಿ. ಬೇಲಿಯನ್ನು ಇನ್ನಷ್ಟು ಸವರಿ, ಆದರೆ ಮೂಲ ಮಸುಕು ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ. ದಿಕ್ಕು ಕೊಂಚ ತಪ್ಪಿದರೂ ನಕಲಿ ಅಂತ ಕಣ್ಣಿಗೆ ಹೊಡೆಯುತ್ತದೆ. ಗಾಜಿನಿಂದಾಗಿ ಬಣ್ಣ ಪೇಲವವಾಗಿದ್ದರೆ ಕಪ್ಪು ಬಿಳುಪು ಮಾಡಿ, ಮುಗಿಯಿತು.

ವಾಲಿದ ಕಂಬದ ಕತೆ ಬೇರೆ. ಮೊಬೈಲ್ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಇದಕ್ಕೆ ರೋಲಿಂಗ್ ಶಟರ್ ಅನ್ನುತ್ತಾರೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರಲು ಸೆಕೆಂಡಿನ ಐವತ್ತನೇ ಒಂದು ಭಾಗ ಹಿಡಿದರೂ ಕಾರು 40 ಸೆಂಟಿಮೀಟರ್ ದಾಟಿರುತ್ತದೆ. ಕಂಬದ ತುದಿ ಒಂದು ಕಡೆ, ಬುಡ ಇನ್ನೊಂದು ಕಡೆ. ಫೋನನ್ನು ಅಡ್ಡ ಹಿಡಿದಾಗ ಹೀಗೆ. ಉದ್ದಕ್ಕೆ ಹಿಡಿದರೆ ಸಾಲುಗಳೂ ಉದ್ದಕ್ಕೆ ನಿಲ್ಲುತ್ತವೆ. ಆಗ ಕಂಬ ವಾಲುವುದಿಲ್ಲ, ಓದುವ ದಿಕ್ಕು ಯಾವ ಕಡೆಗಿದೆ ಅನ್ನುವುದರ ಮೇಲೆ ದಪ್ಪಗೋ ತೆಳ್ಳಗೋ ಆಗುತ್ತದೆ. ಸುಮ್ನೆ ಒಮ್ಮೆ ಎರಡೂ ಥರ ತೆಗೆದು ನೋಡಿ.

ಇದು ಮೊಬೈಲ್ ತಂದ ರೋಗವೇನಲ್ಲ. ಫ್ರಾನ್ಸಿನ ಜಾಕ್ ಆನ್ರಿ ಲಾರ್ತೀಗ್ ನೂರು ವರ್ಷಕ್ಕೂ ಹಿಂದೆ, ಇನ್ನೂ ಹದಿಹರೆಯದಲ್ಲಿದ್ದಾಗ, ಒಂದು ರೇಸ್ ಕಾರಿನ ಫೋಟೋ ತೆಗೆದ. ಅವನ ಕ್ಯಾಮೆರಾದ ಶಟರ್ ಒಂದು ಸೀಳಿನಂತೆ, ಚಿತ್ರ ಮೂಡುವ ಪ್ಲೇಟಿನ ಮುಂದೆ ಸರಿಯುತ್ತಿತ್ತು. ಕಾರಿನ ಜೊತೆ ಕ್ಯಾಮೆರಾವನ್ನೂ ತಿರುಗಿಸಿದ, ಆದರೆ ಕಾರಿನಷ್ಟು ಬೇಗ ಆಗಲಿಲ್ಲ. ಚಕ್ರ ಮುಂದಕ್ಕೆ ವಾಲಿತು, ನೋಡಲು ಬಂದ ಜನ ಹಿಂದಕ್ಕೆ ವಾಲಿದರು. ವೇಗ ಅಂದರೆ ಹೀಗೇ ಕಾಣಬೇಕು ಅಂತ ಇವತ್ತು ನಮಗೆ ಅನ್ನಿಸುವ ಚಿತ್ರ ಅದು. ಆದ್ದರಿಂದ ಕಂಬವನ್ನು ನೆಟ್ಟಗೆ ಮಾಡುವ ಆತುರ ಬೇಡ. ಮಾಡಿದರೂ ಪೂರ್ತಿ ಸರಿಹೋಗುವುದಿಲ್ಲ. ಹತ್ತಿರದ ಕಂಬ ಜಾಸ್ತಿ ವಾಲಿದೆ, ದೂರದ ಗೋಡೆ ವಾಲಿಯೇ ಇಲ್ಲ. ಕಂಬ ನಿಂತರೆ ಗೋಡೆ ಬೀಳುತ್ತದೆ.

ರಾತ್ರಿ ಫೋಟೋಗಳಲ್ಲಿ ಇನ್ನೊಂದು ಮಜಾ. ದೀಪಗಳ ಗೆರೆ ಕೆಲವು ಅಖಂಡವಾಗಿರುತ್ತವೆ, ಕೆಲವು ಚುಕ್ಕಿ ಚುಕ್ಕಿ. ಎಷ್ಟೋ ಎಲ್‌ಇಡಿ ದೀಪಗಳು ಕಣ್ಣಿಗೆ ತಿಳಿಯದಷ್ಟು ಬೇಗ ಆರಿ ಹತ್ತುತ್ತಿರುತ್ತವೆ, ಓಡುವ ಕ್ಯಾಮೆರಾ ಅದನ್ನು ಬಿಡಿಸಿಡುತ್ತದೆ. ಸೆಕೆಂಡಿಗೆ 100 ಸಲ ಮಿನುಗುವ ದೀಪದ ಗೆರೆಯಲ್ಲಿ 10 ಚುಕ್ಕಿ ಇದ್ದರೆ ಶಟರ್ ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದಿತ್ತು ಅಂತ ಲೆಕ್ಕ. ಇಂಥ ಗೆರೆಗಳನ್ನು ಎಡಿಟಿಂಗ್‌ನಲ್ಲಿ ಹುಟ್ಟಿಸಲು ಹೋದರೆ ಮಂಕಾಗಿ ಬೂದು ಬೂದಾಗುತ್ತವೆ. ಜೆಪೆಗ್ ಫೈಲಿನಲ್ಲಿ ಹೊಳಪಿನ ಮಿತಿ 255. ನಿಜವಾದ ದೀಪ ಬಿಳಿ ಕಾಗದಕ್ಕಿಂತ ಎಷ್ಟೋ ಪಟ್ಟು ಪ್ರಖರ, ಫೈಲಿನಲ್ಲಿ ಮಾತ್ರ ಎರಡೂ ಒಂದೇ. ಹೊಳಪನ್ನು ಮೊದಲು 255ಕ್ಕೆ ಕತ್ತರಿಸಿ ಆಮೇಲೆ ಸವರಿದರೆ ದೀಪ ಕಾಗದದ ಹಾಗೇ ಮಾಸುತ್ತದೆ. ಸೆನ್ಸರ್ ಓದಿದ್ದನ್ನು ಹೆಚ್ಚುಕಡಿಮೆ ಹಾಗೇ ಇಡುವ ರಾ ಫೈಲ್ ಇಟ್ಟುಕೊಂಡಿದ್ದರೆ ಸ್ವಲ್ಪ ವಾಸಿ.

ನನಗೆ ತೀರಾ ಹುಚ್ಚು ಹಿಡಿಸಿದ್ದು ಸ್ಲಿಟ್ ಸ್ಕ್ಯಾನ್. ಕಿಟಕಿಯಿಂದ ನೇರ ಪಕ್ಕಕ್ಕೆ ಫೋನ್ ಹಿಡಿದು ಸ್ಲೋ ಮೋಷನ್ ವಿಡಿಯೋ ಮಾಡಿ, ಸೆಕೆಂಡಿಗೆ 240 ಫ್ರೇಮ್. ಪ್ರತಿ ಫ್ರೇಮಿನ ನಟ್ಟನಡುವಿನ ಒಂದೇ ಒಂದು ಪಿಕ್ಸೆಲ್ ಅಗಲದ ಪಟ್ಟಿ ಕತ್ತರಿಸಿ, ಅವನ್ನು ಅಕ್ಕಪಕ್ಕ ಜೋಡಿಸಿ. ಆ್ಯಪ್‌ಗಳು ಇದನ್ನು ತಾವೇ ಮಾಡಿಕೊಡುತ್ತವೆ. ಓಟದ ಸ್ಪರ್ಧೆಯ ಫೋಟೋ ಫಿನಿಶ್ ಕ್ಯಾಮೆರಾದ ಗುಟ್ಟೂ ಇದೇ. ನಮ್ಮ 72 ಕಿಲೋಮೀಟರ್ ವೇಗಕ್ಕೆ ಒಂದು ಪಟ್ಟಿ ಅಂದರೆ ಸುಮಾರು 8 ಸೆಂಟಿಮೀಟರ್ ದಾರಿ. ಹತ್ತಿರವೇ ಇರಲಿ, ದೂರವೇ ಇರಲಿ, ಒಂದು ಮೀಟರ್ ಅಗಲಕ್ಕೆ 12 ಪಟ್ಟಿ. ಎತ್ತರ ಮಾತ್ರ ಎಂದಿನಂತೆ ದೂರ ಹೋದಂತೆ ಕುಗ್ಗುತ್ತದೆ. ಹೀಗಾಗಿ ಹತ್ತಿರದ ಕಂಬ ಸೂಜಿಯಾಗುತ್ತದೆ, ದೂರದ ಮನೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಮಸುಕಿನ ಲೆಕ್ಕ ಇಲ್ಲಿ ತಲೆಕೆಳಗು.

ಕಾರು ನಿಂತರೆ? ಅದೇ ಪಟ್ಟಿ ಮತ್ತೆ ಮತ್ತೆ ಬಂದು ಚಿತ್ರ ಬರೀ ಅಡ್ಡಗೆರೆಗಳಾಗುತ್ತದೆ. ಆಗ ಒಂದು ಮೀಟರ್ ಉದ್ದದ ನಾಯಿಯೊಂದು ಸೆಕೆಂಡಿಗೆ ಒಂದು ಮೀಟರಿನಂತೆ ಆರಾಮಾಗಿ ದಾಟಿದರೆ, ಅದಕ್ಕೆ 240 ಪಟ್ಟಿ. ಓಡುವಾಗ ಸಿಕ್ಕಿದ, ರಸ್ತೆ ಬದಿ ನಿಂತಿದ್ದ 10 ಮೀಟರ್ ಬಸ್ಸಿಗೆ 120. ಬಸ್ಸಿನ ಎರಡರಷ್ಟು ಉದ್ದದ ನಾಯಿ!