ಮೊದಲು ಇಳಿಜಾರು, ಆಮೇಲೆ ಜಿಗಿತ

ಬೈಕು ಹಾರಿಸಬೇಕು ಅಂತ ಹೊರಟ ಹುಡುಗರು ಮೊದಲು ಮಾಡುವ ಕೆಲಸ ದಿಬ್ಬ ಕಟ್ಟುವುದು. ಮಳೆ ಹಿಂದೆ ಸರಿದು ನೆಲ ಹದಕ್ಕೆ ಬಂತೆಂದರೆ ಶಿರಸಿ, ಸಿದ್ದಾಪುರದ ಕಡೆ ಯಾವುದಾದರೂ ಬೇಣದಲ್ಲಿ (ಹುಲ್ಲು ಬೆಳೆಯುವ ಬಯಲಿನಲ್ಲಿ) ಗುದ್ದಲಿ ಹಿಡಿದು ಕೆಂಪು ಮಣ್ಣು ಗುಡ್ಡೆ ಹಾಕುತ್ತಾರೆ. ಹತ್ತುವ ಬದಿಯನ್ನು ತಟ್ಟಿ ತಟ್ಟಿ ಗಟ್ಟಿ ಮಾಡುತ್ತಾರೆ. ಆಚೆ ಬದಿ ಹೇಗಿದೆ ಅಂತ ಯಾರೂ ನೋಡುವುದಿಲ್ಲ. ಅಲ್ಲಿ ಸಪಾಟು ನೆಲ ಇರುತ್ತದೆ, ಕೆಲವು ಕಡೆ ಚಿರೆಕಲ್ಲೇ ಮೇಲೆ ಎದ್ದಿರುತ್ತದೆ. ಕೈಕಾಲು ಮುರಿಯುವುದು ಆ ಬದಿಯಲ್ಲಿ. ಹಾಗಾಗಿ ನನ್ನ ಮಾತು ಇಷ್ಟೇ: ಇಳಿಯುವ ಜಾಗ ತಯಾರಾಗುವ ತನಕ ಹಾರುವ ದಿಬ್ಬಕ್ಕೆ ಒಂದು ಬುಟ್ಟಿ ಮಣ್ಣನ್ನೂ ಹಾಕಬೇಡಿ.

ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ಚಕ್ರ ನೆಲ ಬಿಟ್ಟ ಕ್ಷಣದಿಂದ ಬೈಕು ಎಸೆದ ಕಲ್ಲಿನ ಹಾಗೆ. ಎಷ್ಟು ದೂರ ಹೋಗುತ್ತದೆ, ಎಷ್ಟು ಎತ್ತರ ಏರುತ್ತದೆ ಎಂಬುದು ದಿಬ್ಬದ ತುದಿಯಲ್ಲೇ ತೀರ್ಮಾನವಾಗಿರುತ್ತದೆ. ಅಲ್ಲಿದ್ದ ವೇಗ ಎಷ್ಟು, ತುದಿಯ ಓರೆ ಎಷ್ಟು, ಈ ಎರಡೇ ಮುಖ್ಯ. 20 ಡಿಗ್ರಿ ಓರೆಯ ದಿಬ್ಬವನ್ನು ಗಂಟೆಗೆ 36 ಕಿ.ಮೀ. ವೇಗದಲ್ಲಿ ಬಿಟ್ಟರೆ ಬೈಕು ತುದಿಯಿಂದ 60 ಸೆಂ.ಮೀ. ಮೇಲೇರುತ್ತದೆ. ಮತ್ತೆ ಅದೇ ಮಟ್ಟಕ್ಕೆ ಬರುವಷ್ಟರಲ್ಲಿ ಸುಮಾರು ಆರೂವರೆ ಮೀಟರ್ ಹೋಗಿರುತ್ತದೆ. ಗಾಳಿಯಲ್ಲಿ ಇರುವುದು ಮುಕ್ಕಾಲು ಸೆಕೆಂಡಿಗಿಂತ ಕಡಿಮೆ. ಈಗ ವೇಗವನ್ನು 45ಕ್ಕೆ ಏರಿಸಿ. ಸ್ಪೀಡೋಮೀಟರಿನಲ್ಲಿ ಬರೀ 9 ಕಿ.ಮೀ. ಜಾಸ್ತಿ, ಆದರೆ ದೂರ ಹತ್ತು ಮೀಟರ್ ದಾಟುತ್ತದೆ. ವೇಗ ಎರಡು ಪಟ್ಟಾದರೆ ದೂರವೂ ಎತ್ತರವೂ ನಾಲ್ಕು ಪಟ್ಟು. "ಇನ್ನೊಂಚೂರು ಎಳಿ ಮಾರಾಯ" ಅಂತ ಪಕ್ಕದಲ್ಲಿ ನಿಂತವರು ಹುರಿದುಂಬಿಸುತ್ತಾರಲ್ಲ, ಆ ಒಂಚೂರು ನಿಮ್ಮನ್ನು ಇಳಿಜಾರು ದಾಟಿಸಿ ಸಪಾಟಿಗೆ ಒಗೆಯುವುದು ಹೀಗೆ.

ಸಪಾಟಿಗೆ ಬಿದ್ದರೆ ಏನಾಗುತ್ತದೆ? ದಿಬ್ಬ ಒಂದು ಮೀಟರ್ ಎತ್ತರ ಇದೆ ಎಂದುಕೊಳ್ಳಿ. ಮೇಲೇರಿದ 60 ಸೆಂ.ಮೀ. ಸೇರಿದರೆ ಒಟ್ಟು 1.6 ಮೀಟರ್. ಅಷ್ಟು ಎತ್ತರದಿಂದ ಬಂದ ಬೈಕು ನೆಲ ಮುಟ್ಟುವಾಗ ಕೆಳಮುಖವಾಗಿ ಗಂಟೆಗೆ 20 ಕಿ.ಮೀ. ವೇಗದಲ್ಲಿರುತ್ತದೆ. ಆ ವೇಗವನ್ನೆಲ್ಲ ಶಾಕ್ ಅಬ್ಸಾರ್ಬರ್ ಕುಗ್ಗುವ ಅಂತರದಲ್ಲೇ ನಿಲ್ಲಿಸಬೇಕು. ಮಣ್ಣಿನ ಹಾದಿಯಲ್ಲಿ ಹಾರಲೆಂದೇ ಮಾಡಿದ ಮೊಟೊಕ್ರಾಸ್ ಬೈಕಿನಲ್ಲಿ ಆ ಅಂತರ ಸುಮಾರು 30 ಸೆಂ.ಮೀ. ಆಗ ಸರಾಸರಿ ಹೊಡೆತ ತೂಕದ ಆರು ಪಟ್ಟು. ಪೇಟೆಗೆ ಹೋಗಿಬರುವ ಮಾಮೂಲಿ ಬೈಕಿನಲ್ಲಿ ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಕುಗ್ಗುವುದೇ 12–13 ಸೆಂ.ಮೀ. ಅಲ್ಲಿ ಹೊಡೆತ ತೂಕದ 13–14 ಪಟ್ಟು. ಸೀಟಿನ ಮೇಲೆ ಕುಳಿತೇ ಬಿದ್ದರೆ ಅದು ನೇರ ಬೆನ್ನುಮೂಳೆಗೆ. ಮನೆಯ ಬೈಕಿನಲ್ಲಿ ಹಾರಬೇಡಿ ಎಂದು ನಾನು ಹೇಳುವುದಕ್ಕೆ ಈ ಲೆಕ್ಕ ಸಾಕು.

ಈಗ ಇಳಿಜಾರಿನ ಕತೆ ನೋಡಿ. 20 ಡಿಗ್ರಿ ಓರೆಯಲ್ಲಿ ಏರಿದ ಬೈಕು ಅದೇ ಮಟ್ಟಕ್ಕೆ ವಾಪಸು ಬರುವಾಗ 20 ಡಿಗ್ರಿ ಓರೆಯಲ್ಲೇ ಇಳಿಯುತ್ತಿರುತ್ತದೆ. ಆಚೆ ಬದಿಯ ನೆಲಕ್ಕೂ ಅಷ್ಟೇ ಓರೆ ಇದ್ದರೆ ಚಕ್ರ ನೆಲವನ್ನು ಗುದ್ದುವುದೇ ಇಲ್ಲ, ಸವರಿಕೊಂಡು ಮುಂದೆ ಹೋಗುತ್ತದೆ. ಬರೀ 10 ಡಿಗ್ರಿ ಓರೆ ಇದ್ದರೂ ಗುದ್ದುವ ಶಕ್ತಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ದುಡ್ಡು ಕೊಟ್ಟು ಕೊಂಡ ಯಾವ ಶಾಕ್ ಅಬ್ಸಾರ್ಬರೂ ಇಷ್ಟು ಕೆಲಸ ಮಾಡುವುದಿಲ್ಲ. ಘಟ್ಟದ ಮೇಲಿನ ನಮ್ಮ ಜಾಗ ಹೇಗೂ ಏರು-ಇಳಿವು. ಇಳಿಜಾರನ್ನು ಕಟ್ಟಬೇಕಾಗಿಲ್ಲ, ಹುಡುಕಿದರೆ ಸಾಕು. ಮೊದಲು ಕಲ್ಲು, ಬೇರು ಇಲ್ಲದ ಉದ್ದನೆಯ ಇಳಿಜಾರು ಆರಿಸಿಕೊಳ್ಳಿ. ಅದರ ನೆತ್ತಿಯ ಮೇಲೆ ಮೇಜಿನಂತೆ ಸಪಾಟಾದ ದಿಬ್ಬ ಇರಲಿ. ನಡುವೆ ಹೊಂಡ ಬಿಟ್ಟು ಎರಡು ದಿಬ್ಬ ಮಾಡುವುದು ಕಲಿಯುವವರಿಗೆ ಬೇಡವೇ ಬೇಡ. ಸಪಾಟು ನೆತ್ತಿಯಾದರೆ ದೂರ ಕಡಿಮೆಯಾದರೂ ಚಕ್ರದ ಕೆಳಗೆ ನೆಲ ಇರುತ್ತದೆ.

ದಿಬ್ಬ ಹತ್ತುವಾಗ ಫುಟ್‌ರೆಸ್ಟ್ ಮೇಲೆ ನಿಂತಿರಬೇಕು. ಮೊಣಕಾಲು ಸ್ವಲ್ಪ ಬಾಗಿರಲಿ, ಮೊಣಕೈ ಹೊರಗಿರಲಿ, ಕಣ್ಣು ಇಳಿಯುವ ಜಾಗದ ಮೇಲಿರಲಿ. ಬಾಗಿದ ಕಾಲು ಅಂದರೆ ಇನ್ನೊಂದು ಅಡಿ ಶಾಕ್ ಅಬ್ಸಾರ್ಬರ್ ಸಿಕ್ಕಂತೆ. ಆಕ್ಸಿಲೇಟರ್ ಒಂದೇ ಸಮ ಹಿಡಿದಿರಬೇಕು. ಹೊಸಬರು ತುದಿಗೆ ಬಂದಾಗ ಹೆದರಿ ಅದನ್ನು ಬಿಟ್ಟುಬಿಡುತ್ತಾರೆ. ಮುಂದಿನ ಚಕ್ರ ಆಗಲೇ ನೆಲ ಬಿಟ್ಟಿರುತ್ತದೆ, ಹಿಂದಿನದು ಇನ್ನೂ ದಿಬ್ಬದ ಮೇಲಿರುತ್ತದೆ. ಆ ಹೊತ್ತಿಗೆ ಎಂಜಿನ್ ಹಿಡಿದೆಳೆದರೆ ಮೂತಿ ಕೆಳಗೆ ಕುಸಿಯುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗುತ್ತಾನೆ. ತುದಿಯಲ್ಲಿ ಆಕ್ಸಿಲೇಟರ್ ಪೂರ್ತಿ ಎಳೆದವರದ್ದು ಇದಕ್ಕೆ ತದ್ವಿರುದ್ಧ: ಮೂತಿ ಮೇಲೆದ್ದು ಹಿಂದಕ್ಕೆ ಬೀಳುತ್ತಾರೆ.

ಗಾಳಿಯಲ್ಲಿ ದಾರಿ ಬದಲಿಸಲು ಆಗದಿದ್ದರೂ ಬೈಕಿನ ಮೂತಿಯನ್ನು ಸ್ವಲ್ಪ ತಿದ್ದಬಹುದು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುತ್ತಿರುತ್ತದೆ. ನೆಲದ ಆಸರೆ ಇಲ್ಲದಾಗ ಬೈಕು ಮತ್ತು ಚಕ್ರದ ಒಟ್ಟು ತಿರುಗಾಟ ಬದಲಾಗುವಂತಿಲ್ಲ. ಹಿಂದಿನ ಬ್ರೇಕ್ ಒತ್ತಿ ಚಕ್ರ ನಿಲ್ಲಿಸಿದಿರೋ, ಚಕ್ರದಲ್ಲಿದ್ದ ತಿರುಗಾಟ ಇಡೀ ಬೈಕಿಗೆ ಬರುತ್ತದೆ, ಮೂತಿ ಇಳಿಯುತ್ತದೆ. ಆಕ್ಸಿಲೇಟರ್ ಎಳೆದು ಚಕ್ರವನ್ನು ಜೋರಾಗಿ ತಿರುಗಿಸಿದರೆ ಬೈಕು ಎದುರು ದಿಕ್ಕಿಗೆ ತಿರುಗಿ ಮೂತಿ ಏರುತ್ತದೆ. ಬ್ರೇಕ್ ಒತ್ತುವಾಗ ಕ್ಲಚ್ ಹಿಡಿಯಬೇಕು, ಇಲ್ಲದಿದ್ದರೆ ಎಂಜಿನ್ ಬಂದ್ ಆಗುತ್ತದೆ. ಆದರೆ ಇದು ಸಣ್ಣ ತಪ್ಪಿಗೆ ಮಾತ್ರ ಮದ್ದು. ಸಿಗುವುದು ಅರ್ಧ, ಮುಕ್ಕಾಲು ಸೆಕೆಂಡ್. ತುದಿಯಲ್ಲೇ ಕೆಟ್ಟ ಜಿಗಿತವನ್ನು ಅಷ್ಟರಲ್ಲಿ ರಿಪೇರಿ ಮಾಡಲು ಆಗುವುದಿಲ್ಲ.

ನಾಲ್ಕು ಚಕ್ರದ ಕ್ವಾಡ್ ಜಾಸ್ತಿ ಸೇಫ್ ಅಂತ ಹಲವರು ನಂಬಿದ್ದಾರೆ. ಜಿಗಿತದಲ್ಲಿ ಅದು ಸುಳ್ಳು. ದಿಬ್ಬವನ್ನು ಸ್ವಲ್ಪ ಸೊಟ್ಟಗೆ ಹತ್ತಿದರೂ ಒಂದು ಬದಿಯ ಚಕ್ರ ಮೊದಲು ನೆಲ ಬಿಡುತ್ತದೆ, ಗಾಡಿ ಗಾಳಿಯಲ್ಲೇ ಮಗುಚತೊಡಗುತ್ತದೆ. ಬೈಕಾದರೆ ಬಿಟ್ಟು ದೂರ ಬೀಳಬಹುದು. ದೊಡ್ಡವರ ಕ್ವಾಡ್ ಸಾಮಾನ್ಯವಾಗಿ 150 ಕಿಲೋ ಮೀರುತ್ತದೆ, ಮಗುಚಿದರೆ ಮೈಮೇಲೇ ಬರುತ್ತದೆ. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಹಾರುವ ಮಾತೇ ಬೇಡ.

ಜಾಗದ ಬಗ್ಗೆ ಒಂದು ಮಾತು. ರಸ್ತೆ, ಕಾಡು ಎರಡೂ ಬೇಡ, ಸ್ವಂತ ಜಾಗ ಅಥವಾ ಒಪ್ಪಿಗೆ ಪಡೆದ ಜಾಗ ಇರಲಿ. ಕಾರವಾರ, ಹೊನ್ನಾವರದ ಕಡಲತೀರ ಅಗಲವಾಗಿ ಕಂಡರೂ ಹಾರಲಿಕ್ಕೆ ತಕ್ಕದ್ದಲ್ಲ. ಅಲ್ಲಿ ಇಳಿಜಾರಿಲ್ಲ, ಮೆತ್ತನೆ ಮರಳಿನಲ್ಲಿ ಮುಂದಿನ ಚಕ್ರ ಹೂತುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಚಳಿಗಾಲದಲ್ಲಿ ಅದೇ ಮರಳಿನಲ್ಲಿ ಕಡಲಾಮೆಗಳು ಒಂದೂವರೆ ಅಡಿ ಆಳಕ್ಕೆ ಮೊಟ್ಟೆ ಇಡುತ್ತವೆ. ಮೇಲೆ ಗಾಡಿ ಓಡಿದರೆ ಮರಳು ಗಟ್ಟಿಯಾಗಿ ಮರಿಗಳು ಹೊರಬರಲಾರವು. ದಯವಿಟ್ಟು ಅಲ್ಲಿ ಗಾಡಿ ಇಳಿಸಬೇಡಿ. ಘಟ್ಟದ ಮೇಲೂ ಬೇಸಿಗೆ ಬಂತೆಂದರೆ ಚಿರೆಕಲ್ಲಿನ ಹರಳು ಸಡಿಲವಾಗಿ ಟೈರು ಜಾರುತ್ತದೆ. ಮಳೆ ಮುಗಿದ ಮೇಲಿನ ಒಂದೆರಡು ತಿಂಗಳು, ಮಣ್ಣಿನಲ್ಲಿ ಇನ್ನೂ ಪಸೆ ಇರುವಾಗ, ಹಿಡಿತ ಚೆನ್ನಾಗಿರುತ್ತದೆ.

ತಲೆ ಪೂರ್ತಿ ಮುಚ್ಚುವ ಹೆಲ್ಮೆಟ್, ಗಟ್ಟಿ ಬೂಟು, ಎದೆ-ಬೆನ್ನಿನ ಕವಚ, ಮಂಡಿಯ ಕವಚ ಹಾಕಿಕೊಂಡು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಶುರು ಮಾಡಿ. ಮೊದಲು ಚಕ್ರ ನೆಲ ಬಿಡದ ಹಾಗೆ ದಿಬ್ಬವನ್ನು ನಿಧಾನ ಹತ್ತಿ ಇಳಿಯಿರಿ. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ತೆಳು ಕೇಬಲ್ ಟೈ ಕಟ್ಟಿ. ಶಾಕ್ ಎಷ್ಟು ಕುಗ್ಗಿತೋ ಅಷ್ಟು ದೂರ ಅದು ಸರಿದು ಅಲ್ಲೇ ನಿಂತಿರುತ್ತದೆ. ಪ್ರತಿ ಜಿಗಿತದ ನಂತರ ಬೈಕು ನಿಲ್ಲಿಸಿ ನಡೆದುಹೋಗಿ ಮಣ್ಣು ನೋಡಿ. ಒಳ್ಳೆಯ ಇಳಿತದಲ್ಲಿ ಹಿಂದಿನ, ಮುಂದಿನ ಟೈರಿನ ಗುರುತುಗಳು ಆಳವಿಲ್ಲದೆ, ಇಳಿಜಾರಿನ ಮೇಲ್ಭಾಗದಲ್ಲೇ ಬಿದ್ದಿರುತ್ತವೆ. ಮುಂದಿನ ಚಕ್ರ ಗುಳಿ ತೋಡಿದ್ದರೆ ತುದಿಯಲ್ಲಿ ಆಕ್ಸಿಲೇಟರ್ ಬಿಟ್ಟಿರುವ ಸಾಧ್ಯತೆ ಹೆಚ್ಚು. ಗುರುತು ಇಳಿಜಾರಿನ ಬುಡದ ಹತ್ತಿರ ಇದ್ದರೆ ವೇಗ ಜಾಸ್ತಿಯಾಗಿದೆ. ಗುರುತುಗಳು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬೀಳತೊಡಗಿದ ಮೇಲೆ ಗಂಟೆಗೆ ಎರಡು ಮೂರು ಕಿ.ಮೀ. ಏರಿಸಿ, ಮತ್ತೆ ನೋಡಿ.